‘ಸಿಗಲಿಲ್ಲ’ ಎಂಬ ಷರಾ: ರೇಡಿಯೋ ಟ್ಯಾಗಿನ ಹಿಂದುಮುಂದು

ಪ್ರತಿ ವರ್ಷ ಮಾರ್ಚ್ ಸಮೀಪಿಸುತ್ತಿದ್ದಂತೆ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಒಂದು ವಿಧಿ ನಡೆಯುತ್ತದೆ. ಮೂವರ ಸಮಿತಿಯೊಂದು ನೇಮಕವಾಗಿ, ಉದ್ದನೆಯ ರಿಜಿಸ್ಟರೊಂದನ್ನು ಕಂಕುಳಲ್ಲಿರಿಸಿಕೊಂಡು, ಕೋಣೆಯಿಂದ ಕೋಣೆಗೆ ತಿರುಗಿ ಮೇಜು, ಕುರ್ಚಿ, ಕಪಾಟು, ಗಣಕಯಂತ್ರಗಳನ್ನು ಎಣಿಸುತ್ತದೆ. ಕಚೇರಿಯ ಬಾಳಿಕೆಯ ಸಾಮಾನುಗಳನ್ನು ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ಪರಿಶೀಲಿಸಬೇಕೆಂಬುದು 2017ರ ಸಾಮಾನ್ಯ ಹಣಕಾಸು ನಿಯಮಗಳ ಕಟ್ಟಳೆ. ಮೊದಲು ಮರದ ಸಾಮಾನೇ ಹೆಚ್ಚಿದ್ದ ಕಾಲದಲ್ಲಿ ಈ ಎಣಿಕೆ ಅಷ್ಟೇನೂ ಕಷ್ಟವಾಗಿರಲಿಲ್ಲ. ಕಪಾಟು ನಡೆದಾಡುವುದಿಲ್ಲ. ಗಣಕಯಂತ್ರ ಹಾಗಲ್ಲ. ಅದರ ಪರದೆ ಒಂದು ಕೋಣೆಯಲ್ಲಿ, ಪೆಟ್ಟಿಗೆ ಇನ್ನೊಂದರಲ್ಲಿ, ಕೀಲಿಮಣೆ ಮೂರನೆಯವರ ಮೇಜಿನ ಮೇಲೆ. ಯಾರೋ ವರ್ಗವಾದಾಗ ಯಾರೋ ಎತ್ತಿಕೊಂಡು ಹೋಗುತ್ತಾರೆ. ಕೆಟ್ಟಾಗ ದುರಸ್ತಿಯವನು ಒಯ್ಯುತ್ತಾನೆ. ಮರಳಿ ಬಂದಾಗ ಹೊರಕವಚವೇ ಬೇರೆಯಾಗಿರುತ್ತದೆ.

ಕೆಲವು ವರ್ಷಗಳ ಹಿಂದೆ, ದೆಹಲಿಯ ಕಚೇರಿಯೊಂದರಲ್ಲಿ ಅಂಥ ಸಮಿತಿಯ ಅತಿ ಕಿರಿಯ ಸದಸ್ಯ ನಾನಾಗಿದ್ದೆ. ರಿಜಿಸ್ಟರಿನ ಒಂದು ಸಾಲಿನಲ್ಲಿದ್ದ ಗಣಕಯಂತ್ರದ ಪೆಟ್ಟಿಗೆ ಎರಡು ದಿನ ಹುಡುಕಿದರೂ ಕಾಣಲಿಲ್ಲ. ಅದು ಹಿರಿಯ ಸಹಾಯಕರೊಬ್ಬರ ಹೆಸರಿನಲ್ಲಿತ್ತು. ನಾವೆಲ್ಲ ‘ಬಾಬೂಜಿ’ ಎಂದು ಕರೆಯುತ್ತಿದ್ದ ಆ ಹಿರಿಯರು ಅಲ್ಲಿಗೆ ಎರಡೇ ತಿಂಗಳಲ್ಲಿ ನಿವೃತ್ತರಾಗುವವರಿದ್ದರು. ‘ಯಂತ್ರ ಎಲ್ಲಿಗೂ ಹೋಗಿಲ್ಲ ಸಾಹೇಬ್, ಇಲ್ಲೇ ಎಲ್ಲೋ ಇದೆ’ ಎಂದು ಅವರು ಹಿಂದಿಯಲ್ಲಿ ಹೇಳಿದರು. ಅವರು ಹೇಳಿದ್ದು ನಿಜವೆಂದೇ ನನಗೂ ಅನ್ನಿಸಿತ್ತು. ಆದರೆ ಷರಾ ಕಾಲಂನಲ್ಲಿ ‘ಇಲ್ಲೇ ಎಲ್ಲೋ ಇದೆ’ ಎಂದು ಬರೆಯಲಾಗದು. ಬರೆಯುವ ಕೆಲಸ ನನ್ನದಾಗಿತ್ತು. ‘ಸಿಗಲಿಲ್ಲ’ ಎಂದು ಬರೆದೆ. ಆ ಒಂದು ಪದದಿಂದ ಅವರ ‘ನೋ ಡ್ಯೂಸ್’ ಪತ್ರ ನಿಂತಿತು, ಪತ್ರ ನಿಂತದ್ದರಿಂದ ಗ್ರ್ಯಾಚುಟಿಯ ಒಂದು ಭಾಗ ನಿಂತಿತು. ಮಗಳ ಮದುವೆ ಅದೇ ವರ್ಷ. ಹದಿನಾಲ್ಕು ತಿಂಗಳ ನಂತರ ಪಕ್ಕದ ಕಟ್ಟಡದಲ್ಲಿ, ವಿಲೇವಾರಿಗೆಂದು ಕಟ್ಟಿಟ್ಟಿದ್ದ ಹಳೆಯ ಕಡತಗಳ ರಾಶಿಯ ಹಿಂದೆ, ಆ ಪೆಟ್ಟಿಗೆ ಸಿಕ್ಕಿತು. ಕೋಣೆಗೆ ಸುಣ್ಣ ಬಳಿಯುವಾಗ ಯಾರೋ ಸಾಗಿಸಿದ್ದರು. ಅದರ ಮೇಲಿನ ಚೀಟಿಯ ಅರ್ಧ ಅಂಕಿ ಅಳಿಸಿಹೋಗಿತ್ತು.

ರೇಡಿಯೋ ಟ್ಯಾಗಿನ ಚರಿತ್ರೆಯನ್ನು ನಾನು ಓದತೊಡಗಿದ್ದು ಆ ಅಳಿಸಿಹೋದ ಚೀಟಿಯಿಂದಾಗಿ. ತಾನೆಲ್ಲಿದ್ದೇನೆಂದು ತಾನೇ ಹೇಳುವ ಚೀಟಿಯೊಂದು ಇದೆಯಂತೆ, ಅದನ್ನು ಅಂಟಿಸಿದರೆ ಹುಡುಕುವ ಗೋಜೇ ಇಲ್ಲವಂತೆ ಎಂದು ಕೇಳಿದ್ದೆ. ಇಂಗ್ಲಿಷ್ ಸಾಹಿತ್ಯ ಓದಿದವನಿಗೆ ಈ ವಿಷಯ ಹೊರಗಿನದು. ಆದರೂ ಒಂದು ಪದ ದಾರಿ ತೋರಿಸಿತು. ದಾಸ್ತಾನು ಪಟ್ಟಿಗೆ ಇಂಗ್ಲಿಷಿನವರು ಹೇಳುವ ‘ಇನ್ವೆಂಟರಿ’ ಎಂಬ ಮಾತಿನ ಲ್ಯಾಟಿನ್ ಬೇರಿಗೆ ‘ಕಂಡುಹಿಡಿ’ ಎಂದು ಅರ್ಥ. ಹುಡುಕಿದಾಗ ಸಿಕ್ಕಿದ್ದರ ಪಟ್ಟಿಯೇ ಇನ್ವೆಂಟರಿ. ನಮ್ಮ ರಿಜಿಸ್ಟರು ಮಾತ್ರ ಇರಬೇಕಾದ್ದರ ಪಟ್ಟಿ. ಈ ಎರಡು ಪಟ್ಟಿಗಳ ನಡುವಿನ ಅಂತರದಲ್ಲಿ ಬಾಬೂಜಿ ಸಿಕ್ಕಿಕೊಂಡಿದ್ದರು.

ಟ್ಯಾಗಿನ ಮೂಲತತ್ತ್ವವನ್ನು ನಾವೆಲ್ಲ ಬಾಲ್ಯದಲ್ಲೇ ಆಡಿ ಕಲಿತಿದ್ದೇವೆ. ಬಿಸಿಲಿನಲ್ಲಿ ಕನ್ನಡಿಯ ಚೂರು ಹಿಡಿದು ಎದುರು ಮನೆಯ ಗೋಡೆಯ ಮೇಲೆ ಬೆಳಕು ಕುಣಿಸುವ ಆಟ ನೆನಪಿರಬಹುದು. ಕನ್ನಡಿಗೆ ಸ್ವಂತ ಬೆಳಕಿಲ್ಲ. ಆದರೆ ಅದನ್ನು ವಾಲಿಸಿ, ನೇರ ಮಾಡಿ, ಮತ್ತೆ ವಾಲಿಸಿದರೆ ದೂರದಲ್ಲಿರುವ ಗೆಳೆಯನಿಗೆ ಸಂಜ್ಞೆ ಕಳಿಸಬಹುದು. ಬ್ಯಾಟರಿಯಿಲ್ಲದ ರೇಡಿಯೋ ಟ್ಯಾಗು ಮಾಡುವುದು ಇಷ್ಟೇ. ಓದುವ ಯಂತ್ರ ರೇಡಿಯೋ ಅಲೆಯನ್ನು ಹೊರಡಿಸುತ್ತದೆ. ಟ್ಯಾಗಿನ ಲೋಹದ ಎಳೆ ಅದರಿಂದಲೇ ತನಗೆ ಬೇಕಾದ ಅಲ್ಪ ಶಕ್ತಿಯನ್ನು ಹೀರಿ, ಉಳಿದದ್ದನ್ನು ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗಿ ಹಿಂದಿರುಗಿಸುತ್ತದೆ. ಆ ಏರಿಳಿತದಲ್ಲಿ ಒಂದು ಸಂಖ್ಯೆ ಅಡಗಿರುತ್ತದೆ. ಹ್ಯಾರಿ ಸ್ಟಾಕ್‌ಮನ್ ಎಂಬ ಎಂಜಿನಿಯರ್ 1948ರ ಅಕ್ಟೋಬರಿನಲ್ಲಿ ಅಮೆರಿಕದ ರೇಡಿಯೋ ಎಂಜಿನಿಯರುಗಳ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯವೇ ‘ಪ್ರತಿಫಲಿತ ಶಕ್ತಿಯ ಮೂಲಕ ಸಂವಹನ’. ಇದನ್ನು ಬಳಕೆಗೆ ತರುವ ಮೊದಲು ಇನ್ನೂ ಬಹಳಷ್ಟು ಸಂಶೋಧನೆ ಆಗಬೇಕಿದೆ ಎಂದು ಅವರೇ ಅದರಲ್ಲಿ ಒಪ್ಪಿಕೊಂಡಿದ್ದಾರೆ. ಟ್ರಾನ್ಸಿಸ್ಟರು ಆಗ ಆಗಷ್ಟೇ ಹುಟ್ಟಿದ ಕೂಸು.

ಆದರೆ ಸ್ಟಾಕ್‌ಮನ್ ಪ್ರಬಂಧ ಬರೆಯುವ ಹೊತ್ತಿಗೆ ಮಾಸ್ಕೋದ ಒಂದು ಗೋಡೆಯ ಮೇಲೆ ಇದೇ ತತ್ತ್ವ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. 1945ರ ಆಗಸ್ಟಿನಲ್ಲಿ ಸೋವಿಯತ್ ಶಾಲಾ ಬಾಲಕರ ತಂಡವೊಂದು ಅಮೆರಿಕದ ರಾಯಭಾರಿ ಆವೆರೆಲ್ ಹ್ಯಾರಿಮನ್ ಅವರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆಯನ್ನು ಸ್ನೇಹದ ಕುರುಹಾಗಿ ಕೊಟ್ಟಿತು. ಅವರು ಅದನ್ನು ತಮ್ಮ ನಿವಾಸದ ಓದುಕೋಣೆಯಲ್ಲಿ ತೂಗುಹಾಕಿದರು. ಅದರೊಳಗೆ ಬ್ಯಾಟರಿಯಾಗಲಿ ತಂತಿಯಾಗಲಿ ಇಲ್ಲದ ಒಂದು ಲೋಹದ ಗೂಡು, ಅದಕ್ಕೊಂದು ತೆಳ್ಳನೆಯ ಪರೆ, ಒಂದು ಕಡ್ಡಿ ಇದ್ದವು. ಹೊರಗಿನಿಂದ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಅದಕ್ಕೆ ಜೀವ ಬರುತ್ತಿತ್ತು. ಕೋಣೆಯ ಮಾತಿಗೆ ಪರೆ ಕಂಪಿಸಿ, ಪ್ರತಿಫಲಿಸುವ ಅಲೆಯಲ್ಲಿ ಆ ಮಾತು ಹೊರಗೆ ಹೋಗುತ್ತಿತ್ತು. ಅಲೆ ನಿಂತಾಗ ಅದು ಕೇವಲ ಮರದ ಕೆತ್ತನೆ. 1952ರಲ್ಲಿ, ಜಾರ್ಜ್ ಕೆನನ್ ರಾಯಭಾರಿಯಾಗಿದ್ದಾಗ, ಅದು ಪತ್ತೆಯಾಯಿತು. 1960ರ ಮೇ ತಿಂಗಳಲ್ಲಿ ಹೆನ್ರಿ ಕ್ಯಾಬಟ್ ಲಾಜ್ ಅದನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಎತ್ತಿ ತೋರಿಸಿದರು. ಇದನ್ನು ರೂಪಿಸಿದ ಲಿಯಾನ್ ಥೆರೆಮಿನ್, ಕೈತಾಗಿಸದೆ ನುಡಿಸುವ ವಾದ್ಯವೊಂದನ್ನು ಕಂಡುಹಿಡಿದು ಜಗತ್ತಿನಲ್ಲಿ ಹೆಸರಾದವರು. ರಾಜಮುದ್ರೆಯ ಕೆಲಸ ಮಾಡಿದ್ದು ಸ್ಟಾಲಿನ್ ಕಾಲದ ಸೆರೆಮನೆಯೊಳಗಿನ ಪ್ರಯೋಗಾಲಯದಲ್ಲಿ. ಇವತ್ತಿನ ಟ್ಯಾಗಿನ ವಂಶಾವಳಿ ಬರೆಯುವವರು ಬಹುಮಟ್ಟಿಗೆ ಇಲ್ಲಿಂದಲೇ ಆರಂಭಿಸುತ್ತಾರೆ. ಕುಲದ ಹಿರಿಯ ಗೂಢಚಾರ ಎಂಬುದನ್ನು ನಾವು ಮರೆಯದಿರುವುದು ಒಳ್ಳೆಯದು.

ಅಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳನ್ನು ಬೇಗ ದಾಟಬಹುದು. ಅಮೆರಿಕದ ಅಂಗಡಿಗಳಲ್ಲಿ ಬಟ್ಟೆಗೆ ಸಿಕ್ಕಿಸುವ, ಹಣ ಕೊಡದೆ ಹೊರಟರೆ ಬಾಗಿಲಲ್ಲಿ ಕೂಗಿಕೊಳ್ಳುವ ಬಿಲ್ಲೆಗಳು ಅರವತ್ತರ ದಶಕದಲ್ಲಿ ಬಂದವು. ‘ಇದ್ದೇನೆ’ ಎನ್ನುವುದಷ್ಟೇ ಅವಕ್ಕೆ ಗೊತ್ತು. ‘ನಾನು ಇಂಥದು’ ಎನ್ನಲು ಬಾರದು. 1973ರ ಜನವರಿಯಲ್ಲಿ ಮಾರಿಯೋ ಕಾರ್ಡುಲೊ ಅವರು ನೆನಪಿನ ಶಕ್ತಿಯುಳ್ಳ, ಅಂದರೆ ಬರೆದು ಅಳಿಸಿ ಮತ್ತೆ ಬರೆಯಬಹುದಾದ ಟ್ಯಾಗಿಗೆ ಪೇಟೆಂಟ್ ಪಡೆದರು. ನ್ಯೂಯಾರ್ಕಿನ ಬಂದರು ಪ್ರಾಧಿಕಾರಕ್ಕೆ ಅವರು ಅದಕ್ಕೂ ಮೊದಲೇ ತೋರಿಸಿದ್ದ ಉಪಯೋಗ ರಸ್ತೆ ಸುಂಕದ ವಸೂಲಿ. ಕಾರಿನ ಗಾಜಿಗೆ ಫಾಸ್ಟ್ಯಾಗ್ ಅಂಟಿಸಿಕೊಂಡು ದೆಹಲಿಯಿಂದ ಜೈಪುರಕ್ಕೋ ಪುಣೆಯಿಂದ ಬೆಳಗಾವಿಗೋ ಹೋಗಿಬರುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಐವತ್ತು ವರ್ಷದ ಹಳೆಯ ಕಲ್ಪನೆಯೆಂದು ಗೊತ್ತಿದೆ?

1975ರಲ್ಲಿ ಅಣುಬಾಂಬಿನ ತವರಾದ ಲಾಸ್ ಅಲಾಮೋಸ್ ಪ್ರಯೋಗಾಲಯದ ಮೂವರು, ಕೊಯೆಲ್, ಡೆಪ್, ಫ್ರೇಮನ್, ಪ್ರತಿಫಲಿತ ಅಲೆಯಿಂದ ಗುರುತು ಹಿಡಿಯುವ ವಿಧಾನವನ್ನು ಪ್ರಬಂಧವಾಗಿ ಪ್ರಕಟಿಸಿದರು. ಅಲ್ಲಿ ಈ ಕೆಲಸಕ್ಕೆ ದೊರೆತ ಮೊದಲ ಪ್ರೇರಣೆಗಳಲ್ಲಿ ಒಂದು ದನಗಳು: ಯಾವ ಹಸು ಯಾವುದು, ಅದಕ್ಕೆ ಜ್ವರವಿದೆಯೇ ಎಂದು ಮುಟ್ಟದೆ ತಿಳಿಯುವ ಆಸೆ. ಬಾಂಬಿನ ಮನೆಯಲ್ಲಿ ದನಗಳ ಚಿಂತೆ ಎಂದು ನಗಬೇಕಿಲ್ಲ. ದನ ಎಣಿಸುವುದು ಆಡಳಿತದ ಅತಿ ಪುರಾತನ ಕಸುಬುಗಳಲ್ಲೊಂದು. ಮೈಸೂರಿನ ಅರಸರು ತಮ್ಮ ಹಸುಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನೇ ಇರಿಸಿಕೊಂಡಿದ್ದರು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರು ಬದಲಾಯಿಸಿದ. ಇವತ್ತು ಊರಿಗೆ ಹೋದಾಗ ಕೊಟ್ಟಿಗೆಯ ಹಸುವಿನ ಕಿವಿಯಲ್ಲಿ ಹನ್ನೆರಡು ಅಂಕಿಗಳ ಹಳದಿ ಬಿಲ್ಲೆ ಕಾಣುತ್ತದೆ.

ಟ್ಯಾಗಿಗೆ ಅಗ್ಗದ ಎದುರಾಳಿಯೊಂದಿತ್ತು: ಕಣ್ಣಿಗೆ ಕಾಣುವ ಪಟ್ಟೆ. 1974ರ ಜೂನ್ 26ರಂದು ಓಹಾಯೋದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ಮಿನ ಪೊಟ್ಟಣದ ಮೇಲಿನ ಬಾರ್‌ಕೋಡನ್ನು ಮೊದಲ ಬಾರಿಗೆ ಯಂತ್ರ ಓದಿತು. ಅಂದಿನಿಂದ ಅಂಗಡಿಯ ಲೆಕ್ಕವನ್ನು ಬಾರ್‌ಕೋಡೇ ಆಳುತ್ತಿದೆ. ಆದರೆ ಅದನ್ನು ನೋಡಲೇಬೇಕು, ಅದು ಶುಚಿಯಾಗಿಯೂ ಇರಬೇಕು. ಅಮೆರಿಕದ ರೈಲುಗಾಡಿಗಳ ಡಬ್ಬಿಗಳಿಗೆ ಅರವತ್ತರ ದಶಕದ ಕೊನೆಯಲ್ಲಿ ಬಣ್ಣದ ಪಟ್ಟೆಗಳ ಫಲಕ ಹಚ್ಚಿ, ಹಳಿಯ ಪಕ್ಕದ ಯಂತ್ರದಿಂದ ಓದಿಸುವ ಬೃಹತ್ ಯೋಜನೆ ನಡೆಯಿತು. ಧೂಳು, ಮಸಿ, ಹಿಮ ಮೆತ್ತಿಕೊಂಡು ಓದು ಕೆಟ್ಟಿತು. ಹತ್ತು ವರ್ಷ ತುಂಬುವ ವೇಳೆಗೆ ಯೋಜನೆಯನ್ನೇ ಕೈಬಿಟ್ಟರು. ತೊಂಬತ್ತರ ದಶಕದಲ್ಲಿ ಅದೇ ಡಬ್ಬಿಗಳಿಗೆ ರೇಡಿಯೋ ಟ್ಯಾಗು ಬಂದಾಗ ಕೆಲಸ ಕೈಗೂಡಿತು. ನಮ್ಮ ಬಾಬೂಜಿಯ ಪೆಟ್ಟಿಗೆಯ ಮೇಲಿನ ಚೀಟಿಯೂ ಇದೇ ರೋಗದಿಂದ ಸತ್ತದ್ದು.

1999ರಲ್ಲಿ ಎಂಐಟಿಯಲ್ಲಿ ‘ಆಟೋ-ಐಡಿ ಸೆಂಟರ್’ ಎಂಬ ಸಂಶೋಧನಾ ಕೇಂದ್ರ ತೆರೆಯಿತು. ಅದನ್ನು ಕಟ್ಟಿದವರಲ್ಲಿ ಡೇವಿಡ್ ಬ್ರಾಕ್, ಕೆವಿನ್ ಆಶ್ಟನ್ ಅವರ ಜೊತೆಗೆ ಕಾನ್ಪುರದ ಐಐಟಿಯಲ್ಲಿ ಓದಿದ ಸಂಜಯ್ ಶರ್ಮಾ ಇದ್ದರು. ಇವರ ಯೋಚನೆ ಸರಳವಾಗಿತ್ತು, ಅದಕ್ಕೇ ಪರಿಣಾಮಕಾರಿಯೂ ಆಯಿತು. ಟ್ಯಾಗಿನೊಳಗೆ ಎಲ್ಲ ವಿವರ ತುಂಬಲು ಹೋದರೆ ಚಿಪ್ಪಿನ ಬೆಲೆ ಏರುತ್ತದೆ. ಆದ್ದರಿಂದ ಅದರಲ್ಲಿ ಒಂದು ಸಂಖ್ಯೆಯನ್ನಷ್ಟೇ ಇಡಿ. ಆ ಸಂಖ್ಯೆಯ ಹಿಂದಿನ ಕಥೆಯೆಲ್ಲ ಜಾಲದಲ್ಲಿರಲಿ. ಹೀಗೆ ಮಾಡಿದರೆ ಟ್ಯಾಗನ್ನು ಐದು ಸೆಂಟಿಗೆ ಇಳಿಸಬಹುದೆಂಬುದು ಅವರ ಗುರಿ. 2003ರಲ್ಲಿ ವಾಲ್‌ಮಾರ್ಟ್ ಸಂಸ್ಥೆ ತನ್ನ ನೂರು ಪ್ರಮುಖ ಪೂರೈಕೆದಾರರು 2005ರ ಜನವರಿಯೊಳಗೆ ಸರಕಿಗೆ ಟ್ಯಾಗು ಹಚ್ಚಬೇಕೆಂದಿತು. 2004ರ ಡಿಸೆಂಬರಿನಲ್ಲಿ ‘ಜೆನ್ 2’ ಎಂಬ ಸಮಾನ ಮಾನದಂಡ ಅಂಗೀಕಾರವಾಗಿ, ಒಬ್ಬ ತಯಾರಕನ ಟ್ಯಾಗನ್ನು ಇನ್ನೊಬ್ಬನ ಯಂತ್ರ ಓದುವಂತಾಯಿತು. ನನ್ನ ದೃಷ್ಟಿಯಲ್ಲಿ ಈ ಕೊನೆಯದೇ ಮುಖ್ಯ ಘಟನೆ. ಅದಿಲ್ಲದಿದ್ದರೆ ಹತ್ತು ಕಂಪನಿಗಳ ಹತ್ತು ಭಾಷೆಗಳಾಗಿ ಎಲ್ಲವೂ ಅಲ್ಲಲ್ಲೇ ಉಳಿಯುತ್ತಿತ್ತು.

ಅಲ್ಲಿಯವರೆಗೆ ಶಾಂಪೂ, ಡೈಪರುಗಳ ಪೆಟ್ಟಿಗೆಗಳನ್ನು ಕಾಯುತ್ತಿದ್ದ ಟ್ಯಾಗು ಗಣಕಯಂತ್ರದ ಮೇಲೆ ಬಂದು ಕೂತದ್ದಕ್ಕೆ ಯಂತ್ರದ ಬೆಲೆಯಷ್ಟೇ ಕಾರಣವಲ್ಲ. ಲ್ಯಾಪ್‌ಟಾಪಿನ ಬೆಲೆ ವರ್ಷವರ್ಷಕ್ಕೂ ಇಳಿಯುತ್ತಿತ್ತು. ಒಳಗಿನ ಮಾಹಿತಿಯ ಬೆಲೆ ಏರುತ್ತಿತ್ತು. 2002ರಲ್ಲಿ ಎನ್‌ರಾನ್ ಹಗರಣದ ಬಿಸಿಯಲ್ಲಿ ಬಂದ ಸಾರ್ಬೇನ್ಸ್-ಆಕ್ಸ್‌ಲಿ ಕಾಯಿದೆ, ಕಂಪನಿಗಳು ತಮ್ಮ ಒಳಗಿನ ಹತೋಟಿಯ ಬಗ್ಗೆ ಲಿಖಿತ ಹೊಣೆ ಹೊರುವಂತೆ ಮಾಡಿತು. 2003ರಿಂದ ಕ್ಯಾಲಿಫೋರ್ನಿಯಾದಲ್ಲಿ, ಆಮೇಲೆ ಬೇರೆ ರಾಜ್ಯಗಳಲ್ಲಿ, ಜನರ ಖಾಸಗಿ ವಿವರ ಕಳೆದುಹೋದರೆ ಆ ಜನರಿಗೆ ತಿಳಿಸಲೇಬೇಕೆಂಬ ಕಾನೂನು ಬಂತು. ಮುಚ್ಚಿಟ್ಟುಕೊಳ್ಳುತ್ತಿದ್ದ ನಷ್ಟಗಳು ಆಗ ಬೀದಿಗೆ ಬಂದವು. 2005ರ ಫೆಬ್ರವರಿಯಲ್ಲಿ ಬ್ಯಾಂಕ್ ಆಫ್ ಅಮೆರಿಕ, ಸುಮಾರು 12 ಲಕ್ಷ ಕೇಂದ್ರ ಸರ್ಕಾರಿ ನೌಕರರ ಕಾರ್ಡ್ ಖಾತೆಗಳ ವಿವರವಿದ್ದ ಬ್ಯಾಕಪ್ ಟೇಪುಗಳು ಸಾಗಣೆಯಲ್ಲಿ ಕಾಣೆಯಾಗಿವೆ ಎಂದು ಪ್ರಕಟಿಸಿತು. ಅವರಲ್ಲಿ ಸೆನೆಟ್ ಸದಸ್ಯರೂ ಇದ್ದರು. 2006ರ ಮೇ 3ರಂದು ಅಮೆರಿಕದ ಮಾಜಿ ಸೈನಿಕರ ಇಲಾಖೆಯ ನೌಕರನೊಬ್ಬನ ಮನೆಯಲ್ಲಿ ಕಳ್ಳತನವಾಗಿ, 2 ಕೋಟಿ 65 ಲಕ್ಷ ಮಂದಿಯ ವಿವರಗಳಿದ್ದ ಉಪಕರಣಗಳು ಹೋದವು. ಜೂನ್ ಕೊನೆಯಲ್ಲಿ ಅವು ಮರಳಿ ಸಿಕ್ಕವು. ಅಷ್ಟರಲ್ಲಿ ಇಲಾಖೆಯ ಮಾನ ಹೋಗಿತ್ತು.

ಮರುವರ್ಷ ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ ಅದೇ ಇಲಾಖೆಯ ನಾಲ್ಕು ಸ್ಥಳಗಳನ್ನು ಹೊಕ್ಕು ನೋಡಿತು. ಆ ನಾಲ್ಕೇ ಕಡೆ, ಎರಡು ವರ್ಷಗಳ ಎಣಿಕೆಯಲ್ಲಿ, 2,400ಕ್ಕೂ ಹೆಚ್ಚು ಗಣಕ ಸಲಕರಣೆಗಳು ಸಿಗಲಿಲ್ಲವೆಂದು ದಾಖಲಾಗಿತ್ತು. ಅವುಗಳ ಮೌಲ್ಯ ಸುಮಾರು 64 ಲಕ್ಷ ಡಾಲರ್. ಓದುತ್ತ ನನಗೆ ನಗುವೂ ಬಂತು, ಸಮಾಧಾನವೂ ಆಯಿತು. ‘ಸಿಗಲಿಲ್ಲ’ ಎಂಬ ಷರಾ ಅಲ್ಲಿಯೂ ಇದೆ! ಆದರೆ ಆ ವರದಿ ಬೊಟ್ಟು ಮಾಡಿದ ದೋಷ ನಮ್ಮದಕ್ಕೆ ತದ್ವಿರುದ್ಧ. ಅಲ್ಲಿ ಯಂತ್ರವನ್ನು ಬಳಸುವ ವ್ಯಕ್ತಿಯ ಮೇಲೆ ಹೊಣೆಯೇ ಇರಲಿಲ್ಲ. ನಮ್ಮಲ್ಲಿ ಇಡೀ ವಿಭಾಗದ ಯಂತ್ರಗಳೆಲ್ಲ ಒಬ್ಬ ಗುಮಾಸ್ತನ ಹೆಸರಿನಲ್ಲಿದ್ದವು.

ದತ್ತಾಂಶ ಕೇಂದ್ರಗಳಲ್ಲಿ, ಅಂದರೆ ಸಾವಿರಾರು ಸರ್ವರುಗಳನ್ನು ಕಬ್ಬಿಣದ ಚೌಕಟ್ಟುಗಳಲ್ಲಿ ಜೋಡಿಸಿಟ್ಟ ಮಹಾಕೋಣೆಗಳಲ್ಲಿ, ಟ್ಯಾಗು ನಿಜವಾದ ಕೆಲಸ ಕಂಡಿತು. ಅಲ್ಲಿ ಬಾರ್‌ಕೋಡ್ ಓದಬೇಕಾದರೆ ಪ್ರತಿ ಸರ್ವರಿನ ಮುಂದೆ ಬಗ್ಗಬೇಕು, ಕೆಲವೊಮ್ಮೆ ಹಿಂದಿನಿಂದ ತಂತಿಗಳ ಜಡೆಯೊಳಗೆ ಕೈಹಾಕಬೇಕು. ಆ ಗಡಿಬಿಡಿಯಲ್ಲಿ ಒಂದು ತಂತಿ ಕಳಚಿದರೆ ಯಾವುದೋ ಊರಿನ ಹಣದ ಯಂತ್ರ ನಿಂತೀತು. ಅಮೆರಿಕದ ದೊಡ್ಡ ಬ್ಯಾಂಕುಗಳು 2000ರ ದಶಕದ ದ್ವಿತೀಯಾರ್ಧದಲ್ಲಿ ಈ ದಾರಿ ಹಿಡಿದವು. ಕೈಯಲ್ಲೊಂದು ಓದುಯಂತ್ರ ಹಿಡಿದು ಸಾಲುಗಳ ನಡುವೆ ನಡೆದುಹೋದರೆ ಎಣಿಕೆ ಮುಗಿಯಿತು. ಬಾಗಿಲಲ್ಲಿ ಇನ್ನೊಂದನ್ನು ಕೂರಿಸಿದರೆ ಹೊರಗೆ ಹೋಗುವ ಯಂತ್ರ ತಾನೇ ಹೆಸರು ಹೇಳಿಕೊಂಡು ಹೋಗುತ್ತದೆ.

ಹೇಳಿದಷ್ಟು ಸುಲಭವಾಗಿ ಮಾತ್ರ ಇದು ಆಗಲಿಲ್ಲ. ಸರ್ವರು ಲೋಹ, ಚೌಕಟ್ಟು ಲೋಹ. ಕಾಗದದ ಪೆಟ್ಟಿಗೆಗೆಂದು ಮಾಡಿದ ಟ್ಯಾಗನ್ನು ಲೋಹಕ್ಕೆ ನೇರವಾಗಿ ಅಂಟಿಸಿದರೆ ಅದು ಮೂಕವಾಗುತ್ತದೆ. ಲೋಹದ ಮೈ ಅಲೆಯನ್ನು ತಾನೇ ಹಿಂದಿರುಗಿಸಿ, ಟ್ಯಾಗಿನ ಎಳೆಗೆ ಶಕ್ತಿ ದಕ್ಕದಂತೆ ಮಾಡುತ್ತದೆ. ಆದ್ದರಿಂದ ಟ್ಯಾಗಿಗೂ ಲೋಹಕ್ಕೂ ನಡುವೆ ಒಂದು ದಪ್ಪನೆಯ ಪದರವಿಟ್ಟು, ಎಳೆಯ ವಿನ್ಯಾಸವನ್ನೇ ಬದಲಿಸಿದ ವಿಶೇಷ ಟ್ಯಾಗುಗಳು ಬೇಕಾದವು. ಅವು ಐದು ಸೆಂಟಿನ ಕನಸಿನಿಂದ ಬಹುದೂರ. ಗಾಳಿಯಾಡುವ ರಂಧ್ರಗಳನ್ನು ಮುಚ್ಚದಂತೆ ಅಂಟಿಸಲು ಸರ್ವರಿನ ಮೇಲೆ ಜಾಗವೂ ಕಡಿಮೆ. ಇನ್ನು ಬ್ಯಾಟರಿಯುಳ್ಳ ಟ್ಯಾಗು ತಾನೇ ಆಗಾಗ ಕೂಗಿಕೊಳ್ಳುತ್ತದೆ, ದೂರಕ್ಕೂ ಕೇಳಿಸುತ್ತದೆ. ಆದರೆ ಕೆಲವು ವರ್ಷಕ್ಕೆ ಬ್ಯಾಟರಿ ಮುಗಿಯುತ್ತದೆ, ಆಗ ಅದನ್ನು ಹುಡುಕುವುದು ಹೊಸ ಕೆಲಸ.

ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಇಂಥ ಉಪಕರಣಗಳಿಗೆ 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಅದಕ್ಕೂ ಮೊದಲೇ, 2002ರ ಡಿಸೆಂಬರಿನಲ್ಲಿ ಆರಂಭವಾದ ದೆಹಲಿ ಮೆಟ್ರೋದ ಟೋಕನ್ ಬಿಲ್ಲೆಯೊಳಗೆ, ಬೇರೆ ಆವರ್ತನದ್ದಾದರೂ ಇದೇ ಕುಲದ ಚಿಪ್ಪೊಂದು ಕೂತಿತ್ತು. ಊರಿನಿಂದ ಬಂದ ಅತಿಥಿಗಳು ಆ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದುದು ನನಗಿನ್ನೂ ನೆನಪಿದೆ.

ನಮ್ಮ ಕಚೇರಿಗೂ ಕೊನೆಗೊಮ್ಮೆ ಟ್ಯಾಗು ಬಂತು. ಪೂರೈಕೆದಾರರ ಹುಡುಗರು ಎರಡು ದಿನ ಕೂತು ಪ್ರತಿ ಯಂತ್ರಕ್ಕೂ ಅಂಟಿಸಿದರು. ಆ ವರ್ಷದ ಎಣಿಕೆಗೆ ನಾನೇ ಹಿರಿಯ ಸದಸ್ಯ. ಓದುಯಂತ್ರ ಹಿಡಿದು ಮೊದಲ ಕೋಣೆಗೆ ಹೊಕ್ಕೊಡನೆ ಹದಿನೇಳು ಯಂತ್ರಗಳಿವೆಯೆಂದು ತೋರಿಸಿತು. ಕಣ್ಣಿಗೆ ಕಂಡದ್ದು ಹನ್ನೆರಡು. ಪ್ಲೈವುಡ್ಡಿನ ಅಡ್ಡಗೋಡೆಯಾಚೆಯ ಐದನ್ನೂ ಅದು ಓದಿತ್ತು. ಓದುವ ಶಕ್ತಿ ತಗ್ಗಿಸಿ ಮತ್ತೆ ಎಣಿಸಿದಾಗ ಮೂಲೆಯ ಕಬ್ಬಿಣದ ಕಪಾಟಿನೊಳಗಿನ ಲ್ಯಾಪ್‌ಟಾಪ್ ತಪ್ಪಿಹೋಯಿತು. ಹೀಗೆ ತಿದ್ದಿ ತಿದ್ದಿ ನಡೆದರೂ, ಹಿಂದೆ ಒಂಬತ್ತು ದಿನ ಹಿಡಿಯುತ್ತಿದ್ದ ಕೆಲಸ ಒಂದೂವರೆ ದಿನಕ್ಕೆ ಮುಗಿಯಿತೆಂಬುದನ್ನು ಮರೆಮಾಚಲಾರೆ. ‘ಸಿಗಲಿಲ್ಲ’ ಎಂದು ಬರೆಯಬೇಕಾದ ಸಾಲುಗಳು ನಾಲ್ಕು. ಸಂಜೆಯೊಳಗೆ ಮೂರು ಸಿಕ್ಕವು. ಒಂದು, ದುರಸ್ತಿಗೆ ಹೋದದ್ದು, ರಸೀದಿಯಿತ್ತು. ಅದೇ ದಿನ ನಾನೊಂದು ಟಿಪ್ಪಣಿ ಬರೆದು, ಯಂತ್ರ ಯಾರ ಮೇಜಿನ ಮೇಲಿದೆಯೋ ಅವರ ಹೆಸರಿಗೇ ದಾಖಲಾಗಲಿ, ಸ್ಥಳ ಬದಲಿಸಿದವರು ರುಜು ಮಾಡಲಿ, ನಿವೃತ್ತಿಗೆ ಒಂದು ವರ್ಷ ಮೊದಲೇ ಲೆಕ್ಕ ಮುಗಿಯಲಿ ಎಂದು ಸೂಚಿಸಿದೆ. ಟ್ಯಾಗಿಗೆ ಮಂಜೂರಾತಿ ಎರಡು ತಿಂಗಳಲ್ಲಿ ಬಂದಿತ್ತು. ಈ ಟಿಪ್ಪಣಿ ಮೂರು ಮೇಜು ದಾಟಲು ಒಂದು ವರ್ಷವಾಯಿತು. ಮೊದಲೆರಡು ಸೂಚನೆ ಒಪ್ಪಿಗೆಯಾದವು, ಮೂರನೆಯದು ‘ಪರಿಶೀಲನೆಯಲ್ಲಿದೆ’.

ಬಾಬೂಜಿಗೆ ತಡೆಹಿಡಿದ ಹಣ ಪೂರ್ತಿ ಸಿಕ್ಕಿತು. ಆದೇಶದ ಪ್ರತಿಯನ್ನು ನಾನೇ ಶಾಹದರಾದ ಅವರ ಮನೆಗೆ ಒಯ್ದು ಕೊಟ್ಟೆ. ಚಹಾ ಕುಡಿಸಿದರು. ಷರಾ ಬರೆದದ್ದು ನಾನೆಂದು ಅವರಿಗೆ ಗೊತ್ತಿತ್ತು; ಅವರೂ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಮದುವೆಗೆ ಮಾಡಿದ ಸಾಲಕ್ಕೆ ಆ ಹದಿನಾಲ್ಕು ತಿಂಗಳು ಕಟ್ಟಿದ ಬಡ್ಡಿಗೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ.

ಕಳೆದ ವರ್ಷ ಹಳೆಯ ಯಂತ್ರಗಳನ್ನು ಹರಾಜು ಹಾಕಿದೆವು. ನಿಯಮದಂತೆ ಹಾರ್ಡ್‌ಡಿಸ್ಕ್ ತೆಗೆದು, ಟ್ಯಾಗು ಕಿತ್ತು, ಲಾರಿಗೆ ಏರಿಸಿ ಕಳಿಸಿದ್ದಾಯಿತು. ಈ ಮಾರ್ಚಿನ ಎಣಿಕೆಯಲ್ಲಿ ದಾಸ್ತಾನು ಕೋಣೆಗೆ ಕಾಲಿಟ್ಟಾಗ ಹನ್ನೊಂದು ಗಣಕಯಂತ್ರಗಳಿವೆಯೆಂದು ಓದುಯಂತ್ರ ಹೇಳಿತು. ಕೋಣೆ ಖಾಲಿಯಿತ್ತು. ಜೊತೆಗಿದ್ದ ಹುಡುಗ ಮೇಜಿನ ಮರದ ಡ್ರಾಯರ್ ಎಳೆದ. ಒಳಗೆ ರಬ್ಬರ್ ಬ್ಯಾಂಡ್ ಹಾಕಿ, ಜೋಪಾನವಾಗಿ ಕಟ್ಟಿಟ್ಟ ಹನ್ನೊಂದು ಟ್ಯಾಗುಗಳಿದ್ದವು.